ತಪ್ಪೆಲ್ಲ ಎಣ್ಣೆಯದೇ? ಕುಡಿತ, ಹಾರ್ಮೋನು ಮತ್ತು ಡೋಪಿಂಗ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ನನ್ನ ಪಾಲಿಗೆ ಬಂದಿದೆ. ಅರ್ಧ ಜನಕ್ಕೆ ಕಣ್ಣು ಎಳೆಯುತ್ತಿರುತ್ತದೆ ಅಂತ ಗೊತ್ತು. ಅದಕ್ಕೆ ಪೀಠಿಕೆ ಬಿಟ್ಟು ನೇರ ಒಂದು ಪ್ರಕರಣಕ್ಕೆ ಬರುತ್ತೇನೆ.

1998ನೇ ಇಸವಿ. ಅಮೆರಿಕದ ಓಟಗಾರ ಡೆನಿಸ್ ಮಿಚೆಲ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ, 100 ಮೀಟರ್‌ನಲ್ಲಿ ಕಂಚು ಗೆದ್ದವನು. ಅವನ ಮೂತ್ರದ ಸ್ಯಾಂಪಲ್‌ನಲ್ಲಿ ಟೆಸ್ಟೋಸ್ಟೆರಾನ್, ಅಂದರೆ ಸ್ನಾಯು ಬೆಳೆಸುವ ಗಂಡು ಹಾರ್ಮೋನಿನ ಲೆಕ್ಕ ಮಿತಿ ಮೀರಿತ್ತು. ಏನಪ್ಪಾ ಇದು ಅಂತ ಕೇಳಿದಾಗ ಅವನು ಕೊಟ್ಟ ಉತ್ತರ ಕ್ರೀಡಾಲೋಕದಲ್ಲಿ ಇವತ್ತಿಗೂ ನಗೆಪಾಟಲು. ಹಿಂದಿನ ರಾತ್ರಿ ಹೆಂಡತಿಯ ಹುಟ್ಟುಹಬ್ಬ ಇತ್ತಂತೆ. ಐದು ಬಾಟಲ್ ಬಿಯರ್ ಕುಡಿದನಂತೆ. ಆಮೇಲೆ ನಾಲ್ಕು ಸಲವಾದರೂ ಹೆಂಡತಿಯ ಜೊತೆ ಕೂಡಿದನಂತೆ. ಅದರಿಂದಲೇ ಹಾರ್ಮೋನು ಏರಿದೆ ಅಂದ.

ನಗ್ತಿದ್ದೀರಿ. ನಗಬೇಕಾದ್ದೇ. ಆದರೆ ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ ನಗಲಿಲ್ಲ. ಅವನ ಮಾತು ನಂಬಿ ಬಿಟ್ಟುಬಿಟ್ಟಿತು. ಅಂತರರಾಷ್ಟ್ರೀಯ ಒಕ್ಕೂಟ ಮಾತ್ರ ನಂಬಲಿಲ್ಲ, ಎರಡು ವರ್ಷ ಹೊರಗಿಟ್ಟಿತು. ಮುಂದೆ 2008ರಲ್ಲಿ, ಕೋಚ್ ಟ್ರೆವರ್ ಗ್ರಹಾಂ ವಿರುದ್ಧದ ಮೊಕದ್ದಮೆಯಲ್ಲಿ ಇದೇ ಮಿಚೆಲ್ ಸಾಕ್ಷಿ ಹೇಳಿದ. ತನಗೆ ಗ್ರಹಾಂ ಗ್ರೋತ್ ಹಾರ್ಮೋನಿನ ಇಂಜೆಕ್ಷನ್ ಚುಚ್ಚಿದ್ದ ಅಂತ.

ಈಗ ನನ್ನ ಮಾತು ಕೇಳಿ. ಅವನ ಕಥೆಯಲ್ಲಿ ಹೆಂಡತಿಯ ಭಾಗ ಬಿಡಿ. ಬಿಯರ್ ಭಾಗ ಪೂರಾ ಸುಳ್ಳಲ್ಲ. ಕುಡಿತ ಹಾರ್ಮೋನು ಪರೀಕ್ಷೆಯ ಅಂಕಿಯನ್ನು ನಿಜವಾಗಿಯೂ ಅಲ್ಲಾಡಿಸುತ್ತದೆ. ಅಲ್ಲಾಡಿಸುವುದು ಯಾವ ಅಂಕಿಯನ್ನು, ಎಷ್ಟು, ಯಾರಲ್ಲಿ ಜಾಸ್ತಿ, ಅದು ಲ್ಯಾಬಿಗೆ ಗೊತ್ತಾಗುತ್ತದೋ ಇಲ್ಲವೋ, ಇಷ್ಟೇ ಇವತ್ತಿನ ವಿಷಯ. ಇದನ್ನು ಚೆನ್ನಾಗಿ ತಿಳಿಯಬೇಕಾದವರು ಕಳ್ಳರಲ್ಲ. ಯಾವ ಮದ್ದನ್ನೂ ಮುಟ್ಟದೆ, ಶನಿವಾರ ರಾತ್ರಿ ಗೆಳೆಯರ ಜೊತೆ ಕೂತು ನಾಲ್ಕು ಪೆಗ್ ಹಾಕಿದ ಹುಡುಗ ಹುಡುಗಿಯರು.

ಮೊದಲು ಪರೀಕ್ಷೆ ಹೇಗೆ ಅಂತ ನೋಡೋಣ.

ಉದ್ದೀಪನ ಮದ್ದಿನಲ್ಲಿ ಎರಡು ಬಗೆ. ಒಂದು, ನಮ್ಮ ದೇಹ ತಾನಾಗಿ ಎಂದೂ ತಯಾರಿಸದ್ದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದು ಸ್ಟಾನೊಜೊಲಾಲ್‌ಗೆ. 2011ರಲ್ಲಿ ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ಅವರೂ ಸೇರಿ ಭಾರತದ ಕೆಲವು 400 ಮೀಟರ್ ಓಟಗಾರ್ತಿಯರ ಸ್ಯಾಂಪಲ್‌ಗಳಲ್ಲಿ ಮೆಥಾಂಡಿಯನೋನ್ ಸಿಕ್ಕಿತು. ಕೋಚ್ ತಂದುಕೊಟ್ಟ ಜಿನ್ಸೆಂಗ್ ಪುಡಿಯಲ್ಲಿ ಅದು ಬೆರೆತಿತ್ತು ಎಂದು ಅವರ ವಾದ. ಅದು ಹೇಗೇ ಬಂದಿರಲಿ, ಇಂಥ ಪದಾರ್ಥ ಮೂತ್ರದಲ್ಲಿ ಸಿಕ್ಕರೆ ಹೊರಗಿನಿಂದಲೇ ಬಂದಿರಬೇಕು. ಅಲ್ಲಿ ಲೆಕ್ಕಾಚಾರದ ಪ್ರಶ್ನೆಯೇ ಇಲ್ಲ. ಇದೆ ಅಂದರೆ ಇದೆ.

ಇನ್ನೊಂದು ಬಗೆ ಟೆಸ್ಟೋಸ್ಟೆರಾನ್. ಅದು ಈ ಸಭೆಯಲ್ಲಿ ಕೂತಿರುವ ಎಲ್ಲರ ಮೈಯಲ್ಲೂ ಇದೆ, ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಮೂತ್ರದಲ್ಲಿ ಅದು ಸಿಕ್ಕಿತು ಅಂದರೆ ಏನೂ ಸಾಬೀತಾಗುವುದಿಲ್ಲ. ಸಿಗದಿದ್ದರೇ ಆಶ್ಚರ್ಯ. ಹಾಗಾದರೆ ಹೊರಗಿನಿಂದ ಚುಚ್ಚಿಕೊಂಡವನನ್ನು ಹಿಡಿಯುವುದು ಹೇಗೆ?

ಇದಕ್ಕೆ ದಾರಿ ಹುಡುಕಿದವರು ಜರ್ಮನಿಯ ಕಲೋನ್ ಊರಿನ ರಸಾಯನ ವಿಜ್ಞಾನಿ ಮ್ಯಾನ್‌ಫ್ರೆಡ್ ಡೋನಿಕೆ. ಪುಣ್ಯಾತ್ಮ ಸ್ವತಃ ಸೈಕಲ್ ರೇಸರ್, ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿಸಿದವರು. ಒಳಗಿನ ಗುಟ್ಟು ಗೊತ್ತಿದ್ದವರು ಅನ್ನಿ. ದೇಹದಲ್ಲಿ ಟೆಸ್ಟೋಸ್ಟೆರಾನ್ ಜೊತೆಗೆ ಎಪಿಟೆಸ್ಟೋಸ್ಟೆರಾನ್ ಅಂತ ಇನ್ನೊಂದು ಪದಾರ್ಥ ತಯಾರಾಗುತ್ತದೆ. ರಚನೆ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಒಂದು ಗುಂಪು ಮೇಲಕ್ಕೆ ತಿರುಗುವ ಬದಲು ಕೆಳಕ್ಕೆ ತಿರುಗಿರುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಅದು ಸ್ನಾಯು ಬೆಳೆಸುವುದಿಲ್ಲ. ಮುಖ್ಯವಾದ ಸಂಗತಿ ಏನೆಂದರೆ, ಹೊರಗಿನಿಂದ ಹಾಕಿಕೊಂಡ ಟೆಸ್ಟೋಸ್ಟೆರಾನ್ ಎಪಿಟೆಸ್ಟೋಸ್ಟೆರಾನ್ ಆಗಿ ಬದಲಾಗುವುದಿಲ್ಲ. ಹಾಗಾಗಿ ಚುಚ್ಚಿಕೊಂಡರೆ ಒಂದು ಏರುತ್ತದೆ, ಇನ್ನೊಂದು ಏರುವುದಿಲ್ಲ. ಎರಡರ ಅನುಪಾತ ನೋಡಿದರೆ ಕಳ್ಳತನ ಗೊತ್ತಾಗುತ್ತದೆ.

ಇದೇ ಟಿ-ಇ ಅನುಪಾತ. ಸಾಮಾನ್ಯವಾಗಿ 1ರ ಆಸುಪಾಸು ಇರುತ್ತದೆ. 1980ರ ದಶಕದ ಆರಂಭದಲ್ಲಿ ಒಲಿಂಪಿಕ್ ಸಮಿತಿ 6ನ್ನು ಮಿತಿ ಅಂತ ಇಟ್ಟಿತು. 2005ರಿಂದ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅದನ್ನು 4ಕ್ಕೆ ಇಳಿಸಿತು. ಡೋನಿಕೆ 1980ರ ಮಾಸ್ಕೋ ಒಲಿಂಪಿಕ್ಸ್‌ನ ಮೂತ್ರವನ್ನು ಖಾಸಗಿಯಾಗಿ ಈ ವಿಧಾನದಲ್ಲಿ ಪರೀಕ್ಷಿಸಿದ್ದರು. ಅಧಿಕೃತವಾಗಿ ಆ ಕೂಟದಲ್ಲಿ ಒಬ್ಬರೂ ಸಿಕ್ಕಿಬಿದ್ದಿರಲಿಲ್ಲ. ಇವರ ಲೆಕ್ಕದಲ್ಲಿ ಐದರಲ್ಲೊಂದು ಪಾಲಿನಷ್ಟು ಸ್ಯಾಂಪಲ್ ಮಿತಿ ಮೀರಿತ್ತು ಎಂದು ವರದಿಯಾಗಿದೆ.

ಕಳ್ಳರೂ ಸುಮ್ನೆ ಕೂರಲಿಲ್ಲ. ಪೂರ್ವ ಜರ್ಮನಿಯವರು ಎಪಿಟೆಸ್ಟೋಸ್ಟೆರಾನನ್ನೂ ಜೊತೆಗೆ ಕೊಟ್ಟು ಅನುಪಾತ ಸರಿಮಾಡಿದರು. ಬಾಲ್ಕೋ ಅಂತ ಅಮೆರಿಕದ ಒಂದು ಕಂಪನಿ ಆಟಗಾರರಿಗೆ ಕದ್ದು ಮದ್ದು ಕೊಟ್ಟ ಹಗರಣದಲ್ಲಿ 'ಕ್ರೀಮ್' ಅಂತ ಹಚ್ಚಿಕೊಳ್ಳುತ್ತಿದ್ದದ್ದರಲ್ಲೂ ಎರಡೂ ಬೆರೆತಿದ್ದವು.

ಇನ್ನು ಕುಡಿತಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ, ಯಾಕೆಂದರೆ ಇಡೀ ಕಥೆಯ ಗಂಟು ಇರುವುದು ಲಿವರ್‌ನಲ್ಲಿ.

ಮದ್ಯ ಹೊಟ್ಟೆಗೆ ಹೋದ ಮೇಲೆ ಅದನ್ನು ಕರಗಿಸುವ ಕೆಲಸ ಲಿವರ್‌ನದು. ಆ ಕೆಲಸಕ್ಕೆ ಎನ್‌ಎಡಿ ಅನ್ನುವ ಸಹಾಯಕ ಅಣು ಬೇಕು. ಮದ್ಯದಿಂದ ಹೈಡ್ರೋಜನ್ ಕಿತ್ತುಕೊಂಡು ಅದು ಎನ್‌ಎಡಿಎಚ್ ಆಗುತ್ತದೆ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಬಡಿಸುವವರು ಹತ್ತೇ ಜನ. ಒಂದು ಸಾಲಿನಲ್ಲಿ ಬೀಗರು ಕೂತು ಬಿಟ್ಟೂಬಿಡದೆ ಅದು ಕೊಡಿ ಇದು ಕೊಡಿ ಅನ್ನುತ್ತಿದ್ದರೆ, ಹತ್ತೂ ಜನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪಕ್ಕದ ಸಾಲಿಗೆ ಸಾರು ಬರುವುದೇ ಇಲ್ಲ. ಜಾಸ್ತಿ ಕುಡಿದ ರಾತ್ರಿ ಲಿವರ್‌ನಲ್ಲಿ ಆಗುವುದು ಇದೇ. ಎನ್‌ಎಡಿ ಎಲ್ಲ ಮದ್ಯದ ಹಿಂದೆ ಬಿದ್ದಿರುತ್ತದೆ.

ಆ ಪಕ್ಕದ ಸಾಲಿನಲ್ಲಿ ಕೂತಿರುವುದು ಟೆಸ್ಟೋಸ್ಟೆರಾನ್. ಮಾಮೂಲಿ ದಿನದಲ್ಲಿ ಲಿವರ್ ಅದನ್ನು ಆಂಡ್ರೊಸ್ಟೀನ್‌ಡಯೋನ್ ಆಗಿ ಬದಲಿಸಿ, ಮುಂದೆ ಆಂಡ್ರೊಸ್ಟೆರಾನ್, ಎಟಿಯೊಕೊಲನೊಲೋನ್ ಅಂತ ಒಡೆದು ಹೊರಗೆ ಕಳಿಸುತ್ತದೆ. ಮೊದಲ ಹೆಜ್ಜೆಗೇ ಎನ್‌ಎಡಿ ಬೇಕು. ಅದು ಸಿಗುವುದಿಲ್ಲ. ಹೋಗಲಿ ಅಂದರೆ, ಎನ್‌ಎಡಿಎಚ್ ತುಂಬಿಕೊಂಡಿರುವುದರಿಂದ ಆ ಕ್ರಿಯೆ ಹಿಮ್ಮುಖವಾಗುವುದಕ್ಕೂ ಅನುಕೂಲ. ಪರಿಣಾಮ, ಒಡೆಯಬೇಕಿದ್ದ ಟೆಸ್ಟೋಸ್ಟೆರಾನ್ ಒಡೆಯದೆ ಹಾಗೇ ಮೂತ್ರಕ್ಕೆ ಬರುತ್ತದೆ. ಎಪಿಟೆಸ್ಟೋಸ್ಟೆರಾನ್ ಅದಕ್ಕೆ ತಕ್ಕಂತೆ ಏರುವುದಿಲ್ಲ. ಅನುಪಾತ ಮೇಲೆ ಹೋಗುತ್ತದೆ.

1988ರಲ್ಲಿ ಸ್ವೀಡನ್‌ನ ಸಂಶೋಧಕರು ಆರೋಗ್ಯವಂತರಿಗೆ ಮದ್ಯ ಕುಡಿಸಿ ಇದನ್ನು ತೋರಿಸಿದರು. 1996ರಲ್ಲಿ ಫಿನ್‌ಲ್ಯಾಂಡ್‌ನವರು ಮತ್ತೆ ನೋಡಿದರು. ಇದರಲ್ಲಿ ಈಗ ಯಾರಿಗೂ ತಕರಾರಿಲ್ಲ.

ಆದರೆ ಎಷ್ಟು ಕುಡಿದರೆ? ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮು ಸಾಮಾನ್ಯವಾಗಿ 42.8 ಪರ್ಸೆಂಟ್. 180 ಮಿ.ಲೀ. ಕ್ವಾರ್ಟರ್‌ನಲ್ಲಿ ಅಂದಾಜು 60 ಗ್ರಾಂ ಶುದ್ಧ ಮದ್ಯ ಇರುತ್ತದೆ. 60 ಮಿ.ಲೀ. ಲಾರ್ಜ್ ಪೆಗ್‌ನಲ್ಲಿ 20 ಗ್ರಾಂ. 650 ಮಿ.ಲೀ. ದೊಡ್ಡ ಬಾಟಲಿಯ ಮಾಮೂಲಿ ಬಿಯರ್‌ನಲ್ಲಿ 25 ಗ್ರಾಂ, 8 ಪರ್ಸೆಂಟಿನ ಸ್ಟ್ರಾಂಗ್ ಆದರೆ 40ರ ಹತ್ತಿರ. ಅಮೆರಿಕದ ಬಿಯರ್ ಬಾಟಲಿ ಸಾಮಾನ್ಯವಾಗಿ 355 ಮಿ.ಲೀ., ಅದರಲ್ಲಿ 14 ಗ್ರಾಂ. ಅಂದರೆ ಮಿಚೆಲ್‌ನ ಐದು ಬಿಯರ್ ಅಂದರೆ 70 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದು ಕ್ವಾರ್ಟರ್, ಮೇಲೆ ಒಂದು ಗುಟುಕು. ಒಂದು ಲೋಟ ಬಿಯರ್ ಕುಡಿದದ್ದಕ್ಕೆ ಯಾರ ಅನುಪಾತವೂ ಹಾರಿಹೋಗುವುದಿಲ್ಲ. ಲಿವರ್‌ನಲ್ಲಿ ಎನ್‌ಎಡಿ ಗಂಟೆಗಟ್ಟಲೆ ಸಿಗದಂತಾಗುವಷ್ಟು ಕುಡಿಯಬೇಕು.

ಇನ್ನೊಂದು, ಏರಿಕೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದೂ ಮುಖ್ಯ. ಒಬ್ಬನ ಮಾಮೂಲಿ ಅನುಪಾತ 0.8 ಇದೆ ಅನ್ನಿ. ಕುಡಿದು ದುಪ್ಪಟ್ಟಾದರೆ 1.6. ಯಾರೂ ತಿರುಗಿಯೂ ನೋಡುವುದಿಲ್ಲ. ಇನ್ನೊಬ್ಬನದು ಹುಟ್ಟಾ 2.5. ಅವನೂ ಅಷ್ಟೇ ಕುಡಿದ, ಅವನದೂ ದುಪ್ಪಟ್ಟಾಯಿತು. 5 ಆಯಿತು, ಮಿತಿ ದಾಟಿತು. ಒಂದೇ ಟೇಬಲ್, ಒಂದೇ ಬಾಟಲಿ. ಒಬ್ಬ ಮನೆಗೆ, ಇನ್ನೊಬ್ಬ ವಿಚಾರಣೆಗೆ.

ಹುಟ್ಟಿನಿಂದಲೇ ಹೀಗೆ ವ್ಯತ್ಯಾಸ ಇರುತ್ತದಾ ಅಂದರೆ, ಹೌದು. ಟೆಸ್ಟೋಸ್ಟೆರಾನನ್ನು ಮೂತ್ರಕ್ಕೆ ಸಾಗಿಸುವುದರಲ್ಲಿ ಯುಜಿಟಿ2ಬಿ17 ಅನ್ನುವ ಜೀನಿನ ಪಾತ್ರ ದೊಡ್ಡದು. ಕೆಲವರಲ್ಲಿ ಈ ಜೀನ್ ಇರುವುದೇ ಇಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊರಿಯಾದ ಗಂಡಸರಲ್ಲಿ ಮೂರನೇ ಎರಡು ಪಾಲು ಜನಕ್ಕೆ ಅದು ಇರಲಿಲ್ಲ. ಸ್ವೀಡನ್‌ನವರಲ್ಲಿ ಜೀನ್ ಇಲ್ಲದವರು ಕೇವಲ 9 ಪರ್ಸೆಂಟ್. ಜೀನ್ ಇಲ್ಲದವರ ಮೂತ್ರದಲ್ಲಿ ಟೆಸ್ಟೋಸ್ಟೆರಾನ್ ತೀರಾ ಕಡಿಮೆ. ಅಂಥ ಗಂಡಸರಿಗೆ ಬೇಕಂತಲೇ 500 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಚುಚ್ಚಿ ನೋಡಿದ ಪ್ರಯೋಗವೂ ಆಗಿದೆ. ಅವರಲ್ಲಿ ಸುಮಾರು 40 ಪರ್ಸೆಂಟ್ ಮಂದಿ 4ರ ಮಿತಿಯನ್ನು ಮುಟ್ಟಲೇ ಇಲ್ಲ! ಅಂದರೆ ನೋಡಿ, ಚುಚ್ಚಿಕೊಂಡವನು ಪಾಸು, ಬರೀ ಕುಡಿದವನು ಫೇಲು ಆಗುವುದು ಸಾಧ್ಯ. ಲೋಕಕ್ಕೆಲ್ಲ ಒಂದೇ ಅಂಕಿ ಇಟ್ಟು ಅಳೆಯುವುದು ಎಂಥ ಕುರುಡು ಕೆಲಸ ಅಂತ ನನಗೆ ಅನ್ನಿಸಿದ್ದು ಈ ಎರಡು ಸಂಗತಿ ಅಕ್ಕಪಕ್ಕ ಇಟ್ಟು ನೋಡಿದಾಗ.

ಹಾಗಾದರೆ ಕುಡಿದರೆ ಟೆಸ್ಟೋಸ್ಟೆರಾನ್ ಜಾಸ್ತಿಯಾಗಿ ಮೈ ಕಟ್ಟುತ್ತದಾ ಸರ್ ಅಂತ ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಪ್ಪ. ಏರುವುದು ಮೂತ್ರದ ಅನುಪಾತ. ಗಂಡಸು ವಿಪರೀತ ಕುಡಿದರೆ ರಕ್ತದ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಯಾಕೆಂದರೆ ಅದನ್ನು ತಯಾರಿಸುವ ವೃಷಣಕ್ಕೇ ಏಟು. ವರ್ಷಗಟ್ಟಲೆ ಕುಡಿದು ಲಿವರ್ ಕೆಟ್ಟವರಲ್ಲಿ ಎದೆ ಊದುವುದನ್ನು ಡಾಕ್ಟರುಗಳು ದಿನಾ ನೋಡುತ್ತಾರೆ. ಕುಡಿತದಿಂದ ಮೈಗೆ ನಷ್ಟ, ಮೂತ್ರದಲ್ಲಿ ಮಾತ್ರ ಡೋಪಿಂಗ್ ಮಾಡಿದವನ ಹಾಗೆ ಕಾಣುವುದು. ಇದಕ್ಕಿಂತ ದಂಡದ ವ್ಯಾಪಾರ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಈ ಚರ್ಚೆಯಲ್ಲಿ ಅವರನ್ನು ಎಲ್ಲರೂ ಮರೆಯುತ್ತಾರೆ. ಹೆಂಗಸರ ಮೂತ್ರದಲ್ಲಿ ಟೆಸ್ಟೋಸ್ಟೆರಾನ್, ಎಪಿಟೆಸ್ಟೋಸ್ಟೆರಾನ್ ಎರಡೂ ಬಹಳ ಕಡಿಮೆ. ಸಣ್ಣ ಸಂಖ್ಯೆಯನ್ನು ಇನ್ನೊಂದು ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಏನಾಗುತ್ತದೆ? ಕೆಳಗಿನದು ಒಂಚೂರು ಅಲ್ಲಾಡಿದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಮದ್ಯದ ಪರಿಣಾಮವೂ ಅವರಲ್ಲಿ ಜಾಸ್ತಿ ಕಾಣುತ್ತದೆ. ಅದರ ಮೇಲೆ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಪಿಟೆಸ್ಟೋಸ್ಟೆರಾನ್ ಇನ್ನೂ ಇಳಿಯುತ್ತದೆ. ಕೆಳಗಿನ ಅಂಕಿ ಇಳಿದರೆ ಅನುಪಾತ ಏರಲೇಬೇಕಲ್ಲ.

1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ನಡೆದ ಅಮೆರಿಕದ ಆಯ್ಕೆ ಟ್ರಯಲ್ಸ್‌ನಲ್ಲಿ ಮೇರಿ ಸ್ಲೇನಿ ಸಿಕ್ಕಿಬಿದ್ದದ್ದು ಹೀಗೇ. ಮಧ್ಯಮ ದೂರದ ಓಟದಲ್ಲಿ ದೊಡ್ಡ ಹೆಸರು ಆಕೆಯದು. ಅನುಪಾತ 6 ದಾಟಿತ್ತು. ಮಾತ್ರೆಯಿಂದ ಹೀಗಾಗಿದೆ ಎಂದು ಆಕೆಯ ವಾದ. ಅಮೆರಿಕದ ಒಕ್ಕೂಟ ಒಪ್ಪಿತು, ಅಂತರರಾಷ್ಟ್ರೀಯ ಮಂಡಳಿ 1999ರಲ್ಲಿ ಒಪ್ಪಲಿಲ್ಲ. ಆಕೆ ತಪ್ಪು ಮಾಡಿದ್ದರೋ ಇಲ್ಲವೋ ನಾನು ಹೇಳಲಾರೆ. ಆದರೆ ಗಂಡಸರನ್ನು ಹಿಡಿಯಲು ಮಾಡಿದ ಅಳತೆಗೋಲನ್ನು ಹಾಗೇ ಎತ್ತಿ ಹೆಂಗಸರಿಗೆ ಹಿಡಿದದ್ದು ಸರಿಯಲ್ಲ ಅಂತ ಖಂಡಿತ ಹೇಳುತ್ತೇನೆ.

ಇನ್ನು ಈ ವಿಷಯದ ಮಹಾಪ್ರಕರಣ. ಫ್ಲಾಯ್ಡ್ ಲ್ಯಾಂಡಿಸ್, 2006ರ ಟೂರ್ ಡಿ ಫ್ರಾನ್ಸ್.

ಲ್ಯಾಂಡಿಸ್ ಪೆನ್ಸಿಲ್ವೇನಿಯಾದ, ಮೆನೊನೈಟ್ ಅನ್ನುವ ಕ್ರೈಸ್ತ ಪಂಥದ ಕುಟುಂಬದ ಹುಡುಗ. ತೀರಾ ಮಡಿವಂತರು ಅವರು. ಸೊಂಟದ ಮೂಳೆ ಸವೆದು ಹೋಗಿತ್ತು, ಆಪರೇಷನ್ ಆಗಬೇಕಿತ್ತು, ಅದರಲ್ಲೇ ಬಂದು ರೇಸ್ ಓಡಿಸುತ್ತಿದ್ದ. ಜುಲೈ 19, 16ನೇ ಹಂತ. ಬೆಳಗ್ಗೆ, ಎಲ್ಲರಿಗಿಂತ ಮುಂದಿರುವವನು ತೊಡುವ ಹಳದಿ ಜೆರ್ಸಿ ಅವನ ಮೈ ಮೇಲಿತ್ತು. ಲಾ ತೂಸ್ವೀರ್ ಬೆಟ್ಟ ಹತ್ತುವಾಗ ಕಾಲು ಕೈಕೊಟ್ಟವು. ಸಂಜೆ ನೋಡಿದರೆ 11ನೇ ಸ್ಥಾನ, ಮುಂದಿನವನಿಗಿಂತ 8 ನಿಮಿಷ 8 ಸೆಕೆಂಡ್ ಹಿಂದೆ. ಕಥೆ ಮುಗಿಯಿತು ಅಂದರು ಎಲ್ಲರೂ. ಆ ರಾತ್ರಿ ಬೇಜಾರಿಗೆ ಬಿಯರ್ ಕುಡಿದೆ, ಜ್ಯಾಕ್ ಡೇನಿಯಲ್ಸ್ ವಿಸ್ಕಿ ಹಾಕಿದೆ ಅಂತ ಅವನೇ ಹೇಳಿದ್ದು.

ಮಾರನೇ ದಿನ, ಜುಲೈ 20. ಮೋರ್ಜೀನ್‌ಗೆ 200 ಕಿಲೋಮೀಟರ್ ಬೆಟ್ಟದ ದಾರಿ. ಮನುಷ್ಯ ಗುಂಪು ಬಿಟ್ಟು ಒಂಟಿಯಾಗಿ ನುಗ್ಗಿದ. ಮೈ ಮೇಲೆ ಬಾಟಲಿ ಬಾಟಲಿ ನೀರು ಸುರಿದುಕೊಳ್ಳುತ್ತಾ ಹೋಗಿ, ಎರಡನೆಯವನಿಗಿಂತ 5 ನಿಮಿಷ 42 ಸೆಕೆಂಡ್ ಮೊದಲು ಮುಟ್ಟಿದ. ಮೂರು ದಿನ ಬಿಟ್ಟು ಪ್ಯಾರಿಸ್‌ನಲ್ಲಿ ಟೂರ್ ಗೆದ್ದ. ಇನ್ನೂ ನಾಲ್ಕು ದಿನಕ್ಕೆ ಸುದ್ದಿ ಬಂತು. ಮೋರ್ಜೀನ್ ದಿನದ ಸ್ಯಾಂಪಲ್‌ನಲ್ಲಿ ಟಿ-ಇ ಅನುಪಾತ 11.

ವಿಸ್ಕಿ ವಾದ ಎದ್ದದ್ದು ಆಗ. ಪತ್ರಿಕೆಗಳು ಸ್ವೀಡನ್‌ನ ಹಳೆಯ ಅಧ್ಯಯನ ಹುಡುಕಿ ತೆಗೆದವು. ವಿಜ್ಞಾನ ಇದೆ, ರಾತ್ರಿ ಕುಡಿದಿದ್ದಾನೆ, ಲೆಕ್ಕ ಸರಿಹೋಯಿತಲ್ಲ ಅಂತ ಅನ್ನಿಸುವುದು ಸಹಜ. ಆದರೆ ಗಡಿಯಾರ ನೋಡಿ. ಕುಡಿದದ್ದು ರಾತ್ರಿ. ಮೂತ್ರ ಕೊಟ್ಟದ್ದು ಮಾರನೇ ದಿನ ರೇಸ್ ಮುಗಿದ ಮೇಲೆ. ನಡುವೆ ನಿದ್ದೆ, ತಿಂಡಿ, 200 ಕಿಲೋಮೀಟರ್ ಸೈಕಲ್. ಮದ್ಯ ಕರಗಿದ ಮೇಲೆ ಎನ್‌ಎಡಿ ತನ್ನ ಮಾಮೂಲಿ ಕೆಲಸಕ್ಕೆ ವಾಪಸ್ ಬರುತ್ತದೆ. ಅಷ್ಟು ಹೊತ್ತಾದ ಮೇಲೂ ಅನುಪಾತವನ್ನು 11ರಲ್ಲಿ ಹಿಡಿದು ನಿಲ್ಲಿಸುವ ತಾಕತ್ತು ಯಾವ ವಿಸ್ಕಿಗೂ ಇಲ್ಲ.

ವಿಚಾರಣೆ 2007ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ತೀರ್ಪು ಬಂದದ್ದು ಸೆಪ್ಟೆಂಬರ್‌ನಲ್ಲಿ, ವಿಚಾರಣಾ ಮಂಡಳಿಯ ಮೂವರಲ್ಲಿ ಇಬ್ಬರ ಬಹುಮತದಿಂದ. ಈ ತೀರ್ಪನ್ನು ಪೂರ್ತಿ ಓದದವರೇ ಜಾಸ್ತಿ, ಅದಕ್ಕೆ ಒತ್ತಿ ಹೇಳುತ್ತೇನೆ. ಫ್ರಾನ್ಸಿನ ಲ್ಯಾಬು ಟಿ-ಇ ಅನುಪಾತದ ಪರೀಕ್ಷೆಯನ್ನು ನಿಯಮದ ಪ್ರಕಾರ ಮಾಡಿರಲಿಲ್ಲ, ಆದ್ದರಿಂದ ಆ 11 ಅನ್ನುವ ಅಂಕಿ ಲೆಕ್ಕಕ್ಕಿಲ್ಲ ಅಂತ ಮಂಡಳಿಯೇ ಹೇಳಿತು. ಅಂದರೆ ವಿಸ್ಕಿ ಯಾವುದನ್ನು ಏರಿಸಿತು ಅಂತ ಊರೆಲ್ಲ ಜಗಳವಾಡಿತೋ ಆ ಅಂಕಿಯೇ ಕಸದ ಬುಟ್ಟಿಗೆ ಹೋಯಿತು. ಆದರೂ ಲ್ಯಾಂಡಿಸ್ ಉಳಿಯಲಿಲ್ಲ. ಅವನನ್ನು ಕೆಡವಿದ್ದು ಇನ್ನೊಂದು ಪರೀಕ್ಷೆ. ಕಾರ್ಬನ್ ಐಸೊಟೋಪ್ ಪರೀಕ್ಷೆ.

ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ಪ್ರಕೃತಿಯಲ್ಲಿರುವ ಕಾರ್ಬನ್‌ನಲ್ಲಿ ಹೆಚ್ಚಿನದು ಕಾರ್ಬನ್-12. ನೂರರಲ್ಲಿ ಒಂದು ಪಾಲಿನಷ್ಟು, ಸ್ವಲ್ಪ ಭಾರದ ಕಾರ್ಬನ್-13. ಭತ್ತ, ಗೋಧಿ, ಸೋಯಾ, ಬೇಳೆಕಾಳಿನ ಗಿಡಗಳು ಗಾಳಿಯಿಂದ ಕಾರ್ಬನ್ ಎಳೆದುಕೊಳ್ಳುವ ರೀತಿಯೇ ಬೇರೆ. ಅವುಗಳಲ್ಲಿ ಕಾರ್ಬನ್-13 ಕಡಿಮೆ. ರಾಗಿ, ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬು ಇನ್ನೊಂದು ಜಾತಿ. ಅವುಗಳಲ್ಲಿ ಜಾಸ್ತಿ. ತಿಂದದ್ದೇ ಮೈಯಾಗುತ್ತದೆ ತಾನೇ? ಮಂಡ್ಯದಲ್ಲಿ ಮುದ್ದೆ ತಿಂದು ಬೆಳೆದವರ, ವಿಜಯಪುರದಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವರ, ಉಡುಪಿಯಲ್ಲಿ ಕುಚ್ಚಲಕ್ಕಿ ಉಂಡು ಬೆಳೆದವರ ಮೈಯ ಕಾರ್ಬನ್ ಗುರುತು ಬೇರೆ ಬೇರೆ ಇರುತ್ತದೆ.

ಔಷಧ ಕಂಪನಿಗಳು ಟೆಸ್ಟೋಸ್ಟೆರಾನ್ ತಯಾರಿಸುವುದು ಹೆಚ್ಚಾಗಿ ಸೋಯಾದಂಥ ಗಿಡಗಳಿಂದ. ಹಾಗಾಗಿ ಬಾಟಲಿಯ ಟೆಸ್ಟೋಸ್ಟೆರಾನ್‌ನಲ್ಲಿ ಕಾರ್ಬನ್-13 ಕಡಿಮೆ. ಮೈಯೊಳಗೆ ತಯಾರಾದದ್ದರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಹಾಗಾದರೆ ಬರೀ ಅನ್ನ ಉಣ್ಣುವ ಹುಡುಗ ಡೋಪಿಂಗ್ ಮಾಡಿದವನ ಹಾಗೆ ಕಂಡುಬಿಡುತ್ತಾನಾ? ಇಲ್ಲ. ಲ್ಯಾಬಿನವರು ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದಿಲ್ಲ. ಅದೇ ಮೂತ್ರದಲ್ಲಿರುವ, ಟೆಸ್ಟೋಸ್ಟೆರಾನ್ ಚುಚ್ಚಿದರೂ ಬದಲಾಗದ ಪ್ರೆಗ್ನೇನ್‌ಡಯಾಲ್‌ನಂಥ ಇನ್ನೊಂದು ಪದಾರ್ಥವನ್ನು ತೆಗೆದುಕೊಳ್ಳುತ್ತಾರೆ. ಎರಡೂ ಒಂದೇ ಅಡುಗೆಮನೆಯ ಊಟದಿಂದ ಬಂದಿದ್ದರೆ ಗುರುತು ಹೊಂದಬೇಕು. ಹೊಂದದಿದ್ದರೆ ಒಂದು ಹೊರಗಿನದು.

ಕುಡಿತಕ್ಕೂ ಇದಕ್ಕೂ ಏನು ಸಂಬಂಧ? ಏನೂ ಇಲ್ಲ, ಅದೇ ವಿಶೇಷ. ಮದ್ಯ ಟೆಸ್ಟೋಸ್ಟೆರಾನ್ ಒಡೆಯುವುದನ್ನು ತಡೆಯಬಹುದು. ಇದ್ದ ಟೆಸ್ಟೋಸ್ಟೆರಾನ್‌ನ ಕಾರ್ಬನ್ ಎಲ್ಲಿಂದ ಬಂತು ಅನ್ನುವುದನ್ನು ಬದಲಿಸಲಾರದು. ತಮಾಷೆ ಅಂದರೆ ನಮ್ಮಲ್ಲಿ ವಿಸ್ಕಿ ಅಂತ ಮಾರುವುದರಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯ ಸ್ಪಿರಿಟ್. ಕಬ್ಬು ಕಾರ್ಬನ್-13 ಜಾಸ್ತಿ ಇರುವ ಜಾತಿ. ಅದರಿಂದ ಏನಾದರೂ ಅಲ್ಪಸ್ವಲ್ಪ ಮೈಗೆ ಸೇರಿದರೂ ಸೋಯಾ ಕಡೆಗಂತೂ ಹೋಗುವುದಿಲ್ಲ!

ಲ್ಯಾಂಡಿಸ್ ಸ್ಯಾಂಪಲ್‌ನಲ್ಲಿ ಗುರುತು ಹೊಂದಲಿಲ್ಲ. ಅದೇ ಟೂರ್‌ನ ಬೇರೆ ದಿನಗಳ ಕೆಲವು ಬಿ ಸ್ಯಾಂಪಲ್‌ಗಳನ್ನು, ಅಂದರೆ ಅದೇ ಮೂತ್ರದ ಎತ್ತಿಟ್ಟ ಎರಡನೇ ಬಾಟಲಿಗಳನ್ನು, 2007ರ ಏಪ್ರಿಲ್‌ನಲ್ಲಿ ಪರೀಕ್ಷಿಸಿದಾಗಲೂ ಹೊರಗಿನ ಟೆಸ್ಟೋಸ್ಟೆರಾನ್ ಕಂಡಿತು. ಪ್ರಶಸ್ತಿ ಹೋಯಿತು, ಸ್ಪೇನ್‌ನ ಆಸ್ಕರ್ ಪೆರೇರೊಗೆ ಸೇರಿತು. 2008ರ ಜೂನ್‌ನಲ್ಲಿ ಕ್ರೀಡಾ ನ್ಯಾಯಮಂಡಳಿಯೂ ಅದನ್ನೇ ಎತ್ತಿಹಿಡಿಯಿತು. 2010ರಲ್ಲಿ ಲ್ಯಾಂಡಿಸ್ ತಾನು ವರ್ಷಗಟ್ಟಲೆ ಡೋಪಿಂಗ್ ಮಾಡಿದ್ದಾಗಿ ಒಪ್ಪಿಕೊಂಡ. ಜೊತೆಗೆ ಸೈಕಲ್ ರೇಸಿನ ದೊಡ್ಡ ಹೆಸರು ಲಾನ್ಸ್ ಆರ್ಮ್‌ಸ್ಟ್ರಾಂಗ್ ಬಂಡವಾಳವನ್ನೂ ಬಿಚ್ಚಿಟ್ಟ. ಅದು ಇನ್ನೊಂದು ದಿನದ ಮಾತು.

ಈ ಕಥೆ ಕೇಳಿ ಎಲ್ಲರೂ ಸುಳ್ಳರೇ ಅಂದುಕೊಳ್ಳಬೇಡಿ. 1994ರಲ್ಲಿ ಬ್ರಿಟನ್ನಿನ ಓಟಗಾರ್ತಿ ಡಯಾನ್ ಮೊಡಾಲ್ ಲಿಸ್ಬನ್‌ನಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ಅನುಪಾತ 42 ಬಂತು. ನಾಲ್ಕು ವರ್ಷ ನಿಷೇಧ. ಆಮೇಲೆ ನೋಡಿದರೆ ಸ್ಯಾಂಪಲನ್ನು ಫ್ರಿಜ್ಜಿನಲ್ಲಿಡದೆ ಬಿಸಿಯಲ್ಲಿ ಬಿಟ್ಟಿದ್ದರು. ಬ್ಯಾಕ್ಟೀರಿಯಾ ಬೆಳೆದು ಅಂಕಿ ಕೆಟ್ಟಿತ್ತು. 1995ರಲ್ಲಿ ಆಕೆಯ ಮೇಲಿನ ಆರೋಪ ಬಿತ್ತು. ಆ ಹೊತ್ತಿಗೆ ಆಕೆ ಕಳೆದುಕೊಂಡದ್ದನ್ನು ಯಾರು ಕೊಡುತ್ತಾರೆ?

ಇಂಥ ಪ್ರಕರಣಗಳಿಂದ ಏಟು ತಿಂದು ತಿಂದು ವ್ಯವಸ್ಥೆ ಬದಲಾಯಿತು. ಒಬ್ಬೊಬ್ಬ ಆಟಗಾರನ ಪರೀಕ್ಷೆಯ ಅಂಕಿಗಳನ್ನು ವರ್ಷಗಟ್ಟಲೆ ಬರೆದಿಡುವ ದಾಖಲೆಗೆ ಅಥ್ಲೀಟ್ ಜೈವಿಕ ಪಾಸ್‌ಪೋರ್ಟ್ ಅನ್ನುತ್ತಾರೆ. 2014ರ ಜನವರಿಯಿಂದ ಅದಕ್ಕೆ ಸ್ಟಿರಾಯ್ಡ್ ಭಾಗ, ಅಂದರೆ ಟೆಸ್ಟೋಸ್ಟೆರಾನ್‌ನಂಥವುಗಳ ಲೆಕ್ಕ, ಸೇರಿತು. ಈಗ ನಿಮ್ಮನ್ನು ಲೋಕದ ಸರಾಸರಿಗೆ ಹೋಲಿಸುವುದಿಲ್ಲ, ನಿಮ್ಮ ಹಳೆಯ ಸ್ಯಾಂಪಲ್‌ಗಳಿಗೇ ಹೋಲಿಸುತ್ತಾರೆ. ಹುಟ್ಟಾ 2.5 ಇರುವವನಿಗೆ 2.5 ಸಹಜ. 0.2 ಇದ್ದವನಿಗೆ ಒಮ್ಮೆಲೇ 2 ಬಂದರೆ ಅನುಮಾನ. ಟಿ-ಇ ಒಂದೇ ಅಲ್ಲ, ಇನ್ನೂ ನಾಲ್ಕು ಅನುಪಾತ ನೋಡುತ್ತಾರೆ. ಅದರಲ್ಲಿ ಆಂಡ್ರೊಸ್ಟೆರಾನ್ ಮತ್ತು ಟೆಸ್ಟೋಸ್ಟೆರಾನ್ ಅನುಪಾತವೂ ಒಂದು. ಕುಡಿದರೆ ಟಿ-ಇ ಏರುತ್ತದೆ, ಇದು ಇಳಿಯುತ್ತದೆ. ಯಾಕೆ ಅಂತ ಲಿವರ್ ಕಥೆ ಕೇಳಿದ ನಿಮಗೆ ಈಗ ಗೊತ್ತು.

ಕುಡಿದದ್ದು ಲ್ಯಾಬಿಗೆ ಗೊತ್ತಾಗುತ್ತದಾ? ಗೊತ್ತಾಗುತ್ತದೆ. ಮದ್ಯದ ಒಂದು ಸಣ್ಣ ಪಾಲು ಲಿವರ್‌ನಲ್ಲಿ ಈಥೈಲ್ ಗ್ಲುಕುರೊನೈಡ್ ಅನ್ನುವ ಪದಾರ್ಥವಾಗುತ್ತದೆ. ಮದ್ಯ ಪೂರ್ತಿ ಕರಗಿ, ಬಾಯಿ ವಾಸನೆ ಹೋಗಿ, ತಲೆನೋವೂ ಇಳಿದ ಮೇಲೂ ಇದು ಮೂತ್ರದಲ್ಲಿ ಇರುತ್ತದೆ. ಜಾಸ್ತಿ ಕುಡಿದಿದ್ದರೆ ಎರಡು ಮೂರು ದಿನವೂ ಸಿಗಬಹುದು. ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಮೀರಿದರೆ ಲ್ಯಾಬು ಅದನ್ನು ವರದಿಯಲ್ಲಿ ಬರೆಯುತ್ತದೆ. ಈ ಸ್ಯಾಂಪಲ್‌ನ ಅಂಕಿಯನ್ನು ಮದ್ಯ ಕೆಡಿಸಿರಬಹುದು, ಹುಷಾರು ಅಂತ. ಅಂಥ ಸ್ಯಾಂಪಲನ್ನು ಪಾಸ್‌ಪೋರ್ಟ್ ಲೆಕ್ಕದಲ್ಲಿ ಮಾಮೂಲಿಯಂತೆ ಹಿಡಿಯುವುದಿಲ್ಲ. ಮಿಚೆಲ್ ಕಾಲದಲ್ಲಿ ಇದು ಇದ್ದಿದ್ದರೆ ಐದು ಬಿಯರ್ ನಿಜವೋ ಸುಳ್ಳೋ ಅಂತ ಲ್ಯಾಬೇ ಹೇಳುತ್ತಿತ್ತು. ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವ ಫಿನಾಸ್ಟೆರೈಡ್ ಮಾತ್ರೆಯೂ ಹೀಗೇ ಅಂಕಿ ಕೆಡಿಸುತ್ತದೆ, ಅದನ್ನೂ ಹುಡುಕುತ್ತಾರೆ.

ಹಾಗಾದರೆ ಚುಚ್ಚಿಕೊಂಡವನು ಮೇಲಿಂದ ಒಂದು ಕ್ವಾರ್ಟರ್ ಹಾಕಿ, ಎಲ್ಲ ಎಣ್ಣೆಯ ಆಟ ಅಂತ ತಪ್ಪಿಸಿಕೊಳ್ಳಬಹುದಲ್ಲ? ಬುದ್ಧಿವಂತರ ಪ್ರಶ್ನೆ. ಅನುಮಾನ ಬಂದ ಸ್ಯಾಂಪಲನ್ನು ಕಾರ್ಬನ್ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿ ಎಣ್ಣೆಯ ಆಟ ನಡೆಯುವುದಿಲ್ಲ ಅಂತ ಆಗಲೇ ಹೇಳಿದೆ.

ಕೊನೆಗೆ ಸ್ಯಾಂಪಲ್ ಕೊಡುವ ಕೋಣೆಗೆ ಬರೋಣ, ಇಲ್ಲಿರುವ ಮಕ್ಕಳು ಎದುರಿಸುವುದು ಅದನ್ನೇ. ಕನಿಷ್ಠ 90 ಮಿ.ಲೀ. ಮೂತ್ರ ಬೇಕು. ನಿಮ್ಮದೇ ಲಿಂಗದ ಅಧಿಕಾರಿ ಎದುರಿಗೇ ನಿಂತು ನೋಡುತ್ತಾರೆ. ಅಂಗಿ ಎದೆಯವರೆಗೆ ಎತ್ತಿ, ಪ್ಯಾಂಟು ಮೊಣಕಾಲಿಗೆ ಇಳಿಸಿ ನಿಲ್ಲಬೇಕು. ಮುಜುಗರವೇ, ಅಭ್ಯಾಸ ಮಾಡಿಕೊಳ್ಳಬೇಕು. ಎ, ಬಿ ಬಾಟಲಿಗಳಿಗೆ ನೀವೇ ಕೈಯಾರೆ ಸುರಿಯುತ್ತೀರಿ, ನೀವೇ ಮುಚ್ಚಳ ಬಿಗಿಯುತ್ತೀರಿ. ಬಾಟಲಿಯ ಮೇಲಿನ ನಂಬರು, ಫಾರಂ ಮೇಲಿನ ನಂಬರು ಒಂದೇ ಇದೆಯಾ ಅಂತ ನೀವೇ ಓದಿ ನೋಡಬೇಕು. ಹಿಂದಿನ 7 ದಿನ ತೆಗೆದುಕೊಂಡ ಮಾತ್ರೆ, ಪುಡಿ, ಟಾನಿಕ್ ಎಲ್ಲ ಬರೆಸಬೇಕು. ರೇಸ್ ಮುಗಿಸಿ ಮೈಯಲ್ಲಿ ನೀರೇ ಇಲ್ಲದಾಗ ಮೂತ್ರ ಬರುವುದಿಲ್ಲ. ಹಿಂದೆ ಕೆಲವು ಕಡೆ ಬೇಗ ಬರಲಿ ಅಂತ ಆ ಕೋಣೆಯಲ್ಲೇ ಬಿಯರ್ ಇಡುತ್ತಿದ್ದರು! ಹಾರ್ಮೋನು ಪರೀಕ್ಷೆಗೆ ಬಿಯರ್ ಕುಡಿಸಿ ಸ್ಯಾಂಪಲ್ ತೆಗೆದ ಕಾಲ ಅದು. ಈಗ ಸೀಲ್ ಮಾಡಿದ ನೀರು, ಜ್ಯೂಸ್ ಅಷ್ಟೇ.

ಕುಡಿಯುವುದೇ ಅಪರಾಧವಾ ಅಂತ ಕೆಲವರಿಗೆ ಭಯ. ಒಲಿಂಪಿಕ್ಸ್‌ನಲ್ಲಿ ಮದ್ದಿನ ವಿಷಯಕ್ಕೆ ಮೊಟ್ಟಮೊದಲು ಅನರ್ಹನಾದವನು ಸಿಕ್ಕಿಬಿದ್ದದ್ದು ಮದ್ಯಕ್ಕೇ. 1968, ಮೆಕ್ಸಿಕೊ, ಸ್ವೀಡನ್‌ನ ಪೆಂಟಾಥ್ಲಾನ್ ಆಟಗಾರ ಹಾನ್ಸ್-ಗುನ್ನಾರ್ ಲಿಲ್ಯೆನ್‌ವಾಲ್. ಪಿಸ್ತೂಲ್ ಸ್ಪರ್ಧೆಗೆ ಮುಂಚೆ ಕೈ ನಡುಗದಿರಲಿ ಅಂತ ಎರಡು ಬಿಯರ್ ಕುಡಿದೆ ಅಂದ. ಇಡೀ ತಂಡದ ಕಂಚು ಹೋಯಿತು. ಆಮೇಲೆ ಬಿಲ್ಲುಗಾರಿಕೆ, ಮೋಟಾರ್ ರೇಸ್‌ನಂಥ ಕೆಲವು ಆಟಗಳಿಗಷ್ಟೇ ಮದ್ಯ ವಾಡಾ ಪಟ್ಟಿಯಲ್ಲಿ ಉಳಿದಿತ್ತು. 2018ರ ಜನವರಿಯಿಂದ ಅಲ್ಲಿಂದಲೂ ತೆಗೆದರು. ಆಯಾ ಆಟದ ಒಕ್ಕೂಟಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು, ಅದು ಬೇರೆ.

ಹಾಗಾಗಿ ಹೀಗೆ ಅಂದುಕೊಳ್ಳಿ. ಭಾನುವಾರ ಬೆಳಗ್ಗೆ ಆರು ಗಂಟೆ. ರಾತ್ರಿಯದು ಇನ್ನೂ ಇಳಿದಿಲ್ಲ. ನಾಡಾ, ಅಂದರೆ ನಮ್ಮ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು ಬಂದು ಬಾಗಿಲು ಬಡಿಯುತ್ತಾರೆ. ರೂಂಮೇಟು ನೀನಿಲ್ಲ ಅಂತ ಹೇಳಿಬಿಡ್ತೀನಿ ಮಗಾ, ಮಲಗು ಅನ್ನುತ್ತಾನೆ. ಅವನ ಮಾತು ಕೇಳಬೇಡಿ. ಎದ್ದು ಹೋಗಿ, ಸ್ಯಾಂಪಲ್ ಕೊಡಿ, ರಾತ್ರಿ ಕುಡಿದದ್ದನ್ನೂ ಫಾರಂನಲ್ಲಿ ಬರೆಸಿ. ಕುಡಿದ ಸ್ಯಾಂಪಲ್ ಲ್ಯಾಬಿಗೆ ಹೋದರೆ ಹೆಚ್ಚೆಂದರೆ ಇನ್ನೊಂದು ಪರೀಕ್ಷೆ. ಸ್ಯಾಂಪಲ್ ಕೊಡದೆ ತಪ್ಪಿಸಿಕೊಂಡರೆ ಅದು ನೇರ ನಿಯಮ ಉಲ್ಲಂಘನೆ, ಸಾಮಾನ್ಯವಾಗಿ ನಾಲ್ಕು ವರ್ಷ. ಇರುವ ಜಾಗ ತಿಳಿಸಬೇಕಾದ ಪಟ್ಟಿಯಲ್ಲಿ ನೀವಿದ್ದರೆ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಸಿಗದಿರುವುದು ಹನ್ನೆರಡು ತಿಂಗಳಲ್ಲಿ ಮೂರು ಸಲ ಆದರೂ ಕೇಸೇ.

ನನ್ನದು ಇಷ್ಟು. ಪ್ರಶ್ನೆ ಇದ್ದರೆ ಕೇಳಿ. ಎಲ್ಲರೆದುರು ಕೇಳಲು ಮುಜುಗರ ಅನ್ನುವವರು ಟೀ ಹೊತ್ತಿನಲ್ಲಿ ಬನ್ನಿ, ಹೆಸರು ಕೇಳುವುದಿಲ್ಲ.